ಹಂದಿ, ನೀರು ಮತ್ತು "ನಮ್ಮಲ್ಲಿ ಇಲ್ಲ" ಅನ್ನೋ ಮಾತು

ಶುಂಠಿ ಕೊಳೆ ರೋಗದ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ, ಅದು ಮುಂದಿನ ವಾರ. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಇದೆ, ಸಾಯಂಕಾಲ ಹಾಲು ಹಾಕಿ ಬಂದ್ಮೇಲೆ ನಿಧಾನಕ್ಕೆ ಓದಿ.

ಡೈರಿ ಹತ್ರ ಸಾಲಲ್ಲಿ ನಿಂತಿದ್ದಾಗ ನಮ್ಮೂರ ಒಬ್ಬ ಹುಡುಗ, ನನ್ನ ಪಕ್ಕದ ಹೊಲದ ಸಾಬರನ್ನ ನೋಡಿ "ಏನ್ ಸಾಬ್ರೇ, ಭಾನುವಾರ ಕುಶಾಲನಗರಕ್ಕೆ ಹೋಗ್ತಿದೀವಿ, ಪಂದಿ ಕರಿ ತಿನ್ನಕ್ಕೆ ಬರ್ತೀರಾ" ಅಂದ. ನಾಲ್ಕು ಜನ ನಕ್ಕರು. ಸಾಬರೂ ನಕ್ಕಂಗೆ ಮಾಡಿ "ನಮ್ಮಲ್ಲಿ ಇಲ್ಲಪ್ಪ" ಅಂದು ಕ್ಯಾನು ಎತ್ಕೊಂಡು ಹೋದರು. ಆಮೇಲೆ ಅಲ್ಲೇ ಚರ್ಚೆ ಶುರುವಾಯ್ತು. ಒಬ್ಬ, ಹಂದೀಲಿ ಹುಳ ಇರುತ್ತೆ ಅದಕ್ಕೇ ಅವರು ತಿನ್ನಲ್ಲ ಅಂದ. ಇನ್ನೊಬ್ಬ, ಮರಳುಗಾಡಲ್ಲಿ ಹಂದಿ ಎಲ್ಲಿಂದ ಬರ್ಬೇಕು, ಅದಕ್ಕೇ ಅಂದ. ನನ್ನ ಕಡೆ ತಿರುಗಿ "ನೀನು ಹಂದಿ ಸಾಕಿದ್ದೋನು, ನೀನೇ ಹೇಳು" ಅಂದರು. ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಓದಿ ತಿಳ್ಕೊಂಡಿದ್ದನ್ನ ಈಗ ಬರೀತಿದೀನಿ.

ಹಂದಿ ಸಾಕಿದ್ದು ನಿಜ. ಎರಡು ಹೆಣ್ಣು, ಒಂದು ಗಂಡು, ಬಿಳಿ ಜಾತಿಯವು, ಮೂರು ವರ್ಷ ಸಾಕಿದೆ. ಮೂರು ತಿಂಗಳು ಮೂರು ವಾರ ಮೂರು ದಿನಕ್ಕೆ ಸರಿಯಾಗಿ ಮರಿ ಹಾಕುತ್ತೆ. ಒಂದು ಸೂಲಿಗೆ ಒಂಬತ್ತು ಹತ್ತು ಮರಿ. ಹಸು ಒಂದು ಕರು ಹಾಕೋ ಹೊತ್ತಿಗೆ ಇದು ಎರಡು ಸೂಲು ಮುಗಿಸಿರುತ್ತೆ. ಅದನ್ನ ನೋಡೇ ನಾನು ಮರುಳಾಗಿದ್ದು. ಆದ್ರೆ ನಮ್ಮಮ್ಮ ಮೊದಲ ದಿನವೇ ಒಂದು ಮಾತು ಹೇಳಿದ್ಲು: ಸಾಕೋದು ಮಾರೋದು ನಿನ್ನಿಷ್ಟ, ಅದರ ಮಾಂಸ ಮಾತ್ರ ಈ ಹೊಸಿಲು ದಾಟಬಾರದು. ಕುರಿ ಕೋಳಿ ಎಲ್ಲಾ ತಿನ್ನೋ ಮನೆ ನಮ್ಮದು. ಯಾಕಮ್ಮಾ ಅಂದ್ರೆ "ನಮ್ಮಲ್ಲಿ ಇಲ್ಲ." ಅಷ್ಟೇ. ಸಾಬರು ಡೈರೀಲಿ ಹೇಳಿದ್ದೂ ಅದೇ ಮಾತು.

ಈಗ ಮೂಲಕ್ಕೆ ಹೋಗೋಣ. ಹಂದಿ ತಿನ್ನಬಾರದು ಅಂತ ಬರೆದಿಟ್ಟ ಹಳೇ ಕಾನೂನು ಯೆಹೂದಿಗಳದ್ದು. ಹಳೆ ಒಡಂಬಡಿಕೆಯ ಯಾಜಕಕಾಂಡದ 11ನೇ ಅಧ್ಯಾಯ, ಧರ್ಮೋಪದೇಶಕಾಂಡದ 14ನೇ ಅಧ್ಯಾಯ. ಅಲ್ಲಿ ಕೊಡೋ ಲೆಕ್ಕ ದನ ಸಾಕೋರಿಗೆ ತಕ್ಷಣ ಅರ್ಥ ಆಗುತ್ತೆ. ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಎರಡೂ ಇದ್ರೆ ತಿನ್ನಬಹುದು. ದನ, ಕುರಿ, ಆಡು, ಜಿಂಕೆ ಪಾಸಾದವು. ಒಂಟೆ ಮೆಲುಕು ಹಾಕುತ್ತೆ, ಗೊರಸು ಸರಿಯಿಲ್ಲ ಅಂತ ಫೇಲು. ಹಂದಿಗೆ ಗೊರಸು ಸೀಳಿದೆ, ಮೆಲುಕು ಹಾಕಲ್ಲ, ಅದೂ ಫೇಲು. ಮೊಲ ಮೆಲುಕು ಹಾಕುತ್ತೆ ಅಂತಾನೂ ಬರೆದಿದೆ. ಅದು ಬರೀ ಬಾಯಿ ಅಲ್ಲಾಡಿಸ್ತಿರುತ್ತೆ, ಮೊಲ ಸಾಕಿದೋರಿಗೆ ಗೊತ್ತು. ಇರ್ಲಿ. ಗಮನಿಸಬೇಕಾದ್ದು ಏನಂದ್ರೆ, ಇಷ್ಟೆಲ್ಲಾ ಬರೆದರೂ ರೋಗ ಬರುತ್ತೆ ಅಂತಾಗಲೀ ಗಲೀಜು ತಿನ್ನುತ್ತೆ ಅಂತಾಗಲೀ ಅಲ್ಲಿ ಒಂದು ಮಾತೂ ಇಲ್ಲ. ನಿಮಗೆ ಇದು ಅಶುದ್ಧ ಅಂತಷ್ಟೇ ಇದೆ. ಆ "ನಿಮಗೆ" ಅನ್ನೋದನ್ನ ನೆನಪಿಟ್ಕೊಳ್ಳಿ.

ಇಸ್ಲಾಂ ಬಂದಿದ್ದು ಅದಾದ ಎಷ್ಟೋ ಶತಮಾನದ ಮೇಲೆ, ಕ್ರಿ.ಶ. 7ನೇ ಶತಮಾನದಲ್ಲಿ. ಕುರಾನಿನಲ್ಲಿ ಈ ನಿಷೇಧ ನಾಲ್ಕು ಕಡೆ ಬರುತ್ತೆ. ಸತ್ತ ಪ್ರಾಣಿ, ರಕ್ತ, ಹಂದಿ ಮಾಂಸ, ದೇವರ ಹೆಸರು ಬಿಟ್ಟು ಬೇರೆ ಹೆಸರಲ್ಲಿ ಕೊಯ್ದಿದ್ದು, ಇಷ್ಟು ಬೇಡ ಅಂತ. ಜೊತೆಗೆ, ಬೇರೆ ದಾರಿ ಇಲ್ಲದೆ ಹಸಿವಿಗೆ ತಿಂದೋನ ಮೇಲೆ ಪಾಪ ಇಲ್ಲ ಅಂತಾನೂ ಇದೆ. ಒಂಟೆಯನ್ನ ಮಾತ್ರ ಇಸ್ಲಾಂ ಬಿಡಲಿಲ್ಲ. ಅರಬರ ಬದುಕೇ ಅದರ ಮೇಲಿತ್ತು.

ಇನ್ನು ಹುಳದ ಮಾತು. ಇದು ನಾವು ಅಂದ್ಕೊಂಡಷ್ಟು ಹಳೇ ಮಾತಲ್ಲ. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಮೈಮೊನೈಡ್ಸ್ ಅನ್ನೋ ದೊಡ್ಡ ಯೆಹೂದಿ ಪಂಡಿತ ಇದ್ದ, ಅರಮನೆ ವೈದ್ಯನೂ ಹೌದು. ಹಂದಿ ತಿನ್ನೋದಕ್ಕೆ ಬಿಟ್ರೆ ಬೀದಿ, ಮನೆ ಎಲ್ಲಾ ಕಕ್ಕಸಿಗಿಂತ ಗಲೀಜಾಗ್ತವೆ ಅನ್ನೋ ಅರ್ಥದಲ್ಲಿ ಅವನು ಬರೆದ. ವೈದ್ಯರ ಬಾಯಲ್ಲಿ ಬಂದ ಕಾರಣ ಅದು. ಮಾಂಸದೊಳಗಿನ ಹುಳ ಕಣ್ಣಿಗೆ ಬಿದ್ದಿದ್ದು ಇನ್ನೂ ತಡವಾಗಿ. 1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಸತ್ತ ಮನುಷ್ಯನ ಮಾಂಸಖಂಡದಲ್ಲಿ ಸಣ್ಣ ಸುರುಳಿ ಹುಳ ಕಂಡ. ಅದು ಹಂದಿ ಮಾಂಸದಿಂದ ಬರುತ್ತೆ, ಜೀವವನ್ನೂ ತೆಗೆಯುತ್ತೆ ಅಂತ ಗೊತ್ತಾಗಿದ್ದು 1860ರಲ್ಲಿ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಝೆಂಕರ್ ಅನ್ನೋ ಡಾಕ್ಟರು ಸತ್ತ ಹುಡುಗಿಯೊಬ್ಬಳ ದೇಹ ಪರೀಕ್ಷೆ ಮಾಡಿದಾಗ. ಆವಾಗಿಂದ "ನೋಡಿ, ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು" ಅನ್ನೋ ಮಾತು ಹುಟ್ಕೊಂಡ್ತು. ನನಗೆ ಇದು ಒಪ್ಪಿಗೆ ಆಗಲ್ಲ. ಆ ಮಾಂಸ ತಿಂದು ಕಾಯಿಲೆ ಜೋರಾಗೋಕೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬೇಕು. ಯಾರು ಎರಡನ್ನೂ ತಾಳೆ ಹಾಕ್ತಾರೆ? ರೋಗ ಅಂದ್ರೆ ಕುರಿ ದನಕ್ಕೆ ಅಂಥ್ರಾಕ್ಸ್ ಬರುತ್ತೆ, ಮುಟ್ಟಿದೋನೂ ಸಾಯ್ತಾನೆ. ಕಂದು ಹಾಕಿಸೋ ಬ್ರುಸೆಲ್ಲಾ ಹಸಿ ಹಾಲಿಂದ ಮನುಷ್ಯರಿಗೆ ಅಂಟುತ್ತೆ. ಅವನ್ನ ಯಾರೂ ನಿಷೇಧ ಮಾಡಲಿಲ್ಲ. ರೋಗದ ಭಯಕ್ಕೇ ಕಾನೂನು ಮಾಡಿದ್ರೆ "ಚೆನ್ನಾಗಿ ಬೇಯಿಸಿ ತಿನ್ನಿ" ಅಂದ್ರೆ ಸಾಕಾಗಿತ್ತು.

ಎರಡನೇ ಮಾತು, ಮರಳುಗಾಡು. ಇದರಲ್ಲಿ ಸ್ವಲ್ಪ ಹುರುಳಿದೆ. ಇದನ್ನ ಜೋರಾಗಿ ಹೇಳಿದೋರು ಅಮೆರಿಕದ ಮಾರ್ವಿನ್ ಹ್ಯಾರಿಸ್ ಅಂತ, 1974ರ ಪುಸ್ತಕದಲ್ಲಿ. ಅವರ ವಾದ ಓದ್ತಾ ಇದ್ರೆ ನನ್ನ ಶೆಡ್ಡೇ ಕಣ್ಮುಂದೆ ಬಂತು. ಹಂದಿಗೆ ಬೆವರಿ ಮೈ ತಣ್ಣಗೆ ಮಾಡ್ಕೊಳ್ಳೋಕೆ ಬರಲ್ಲ. ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಮೂರು ಸಲ ಪೈಪು ಹಿಡಿದು ಮೈ ನೆನೆಸ್ತಿದ್ದೆ. ಕರೆಂಟು ಹೋಗಿ ಮೋಟರ್ ನಿಂತ್ರೆ ಅವು ಬಾಯಿ ತೆಗೆದು ಏದುಸಿರು ಬಿಡ್ತಿದ್ವು. ಕೆಸರಲ್ಲಿ ಹೊರಳೋದು ಗಲೀಜಿನ ಆಸೆಗಲ್ಲ ಕಣ್ರೀ, ಜೀವ ಉಳಿಸ್ಕೊಳ್ಳೋಕೆ. ಒಳ್ಳೆ ನೀರು ಕೊಟ್ರೆ ಅದರಲ್ಲೇ ಮಲಗ್ತವೆ. ಇನ್ನು ಮೇವು. ಹಸುವಿಗೆ ರಾಗಿ ಹುಲ್ಲು ಹಾಕ್ತೀವಿ, ಅದು ನಾವು ತಿನ್ನೋ ಪದಾರ್ಥ ಅಲ್ಲ. ಹಂದಿ ಹುಲ್ಲಲ್ಲಿ ಬದುಕಲ್ಲ. ಜೋಳ, ತೌಡು, ಹಿಂಡಿ, ಇಲ್ಲಾಂದ್ರೆ ಹೋಟ್ಲು ಮುಸುರೆ ಬೇಕು. ನಾನು ಪೇಟೆ ಹೋಟ್ಲುಗಳ ಮುಸುರೆ ನಂಬ್ಕೊಂಡೇ ಶುರು ಮಾಡಿದ್ದು. ಒಂದು ವರ್ಷ ಆದ್ಮೇಲೆ ಬೇರೆಯೋನು ಬಂದು ಅವರಿಗೆ ದುಡ್ಡು ಕೊಟ್ಟು ಮುಸುರೆ ಎತ್ತಿದ. ನಾನು ಮೂಟೆ ಲೆಕ್ಕದಲ್ಲಿ ಜೋಳ ತಂದು ಹಾಕಿದೆ. ಮಾರಿದ ದುಡ್ಡೆಲ್ಲಾ ಮೂಟೆಗೇ ಹೋಯ್ತು. ಹಂದಿ ಹಾಲು ಕೊಡಲ್ಲ, ಉಣ್ಣೆ ಕೊಡಲ್ಲ, ನೇಗಿಲು ಎಳೆಯಲ್ಲ, ಗಾಡಿ ಕಟ್ಟೋಕಾಗಲ್ಲ. ಬಿಸಿಲ ಸೀಮೆಯಲ್ಲಿ ಹಂದಿ ಸಾಕೋನು ಮನುಷ್ಯರ ಧಾನ್ಯವನ್ನೂ ನೀರನ್ನೂ ಅದಕ್ಕೆ ಹಾಕ್ತಾನೆ, ಅದಕ್ಕೇ ದೇವರ ಹೆಸರಲ್ಲಿ ತಡೆದರು ಅನ್ನೋದು ಹ್ಯಾರಿಸ್ ಲೆಕ್ಕ.

ಲೆಕ್ಕ ಸರಿ. ಆದ್ರೂ ಒಂದು ಕಡೆ ಕೂರಲ್ಲ. ನಷ್ಟ ಆಗೋ ಕಸುಬನ್ನ ರೈತ ತಾನೇ ಬಿಡ್ತಾನೆ, ಅದಕ್ಕೆ ದೇವರ ಕಾನೂನು ಯಾಕೆ? ನಾನು ಬಿಟ್ಟಾಗ ಯಾವ ಸ್ವಾಮಿಗಳೂ ಬಂದು ಹೇಳಲಿಲ್ಲ, ಸೊಸೈಟಿ ಸಾಲದ ನೋಟೀಸು ಸಾಕಾಯ್ತು. ಇನ್ನೊಂದು, ಆ ಸೀಮೆಯೇ ಹಂದಿಯ ತವರು. ಹಂದಿಯನ್ನ ಮನುಷ್ಯ ಮೊದಲು ಪಳಗಿಸಿದ ಜಾಗಗಳಲ್ಲಿ ಒಂದು ಈಗಿನ ಟರ್ಕಿಯ ಆಗ್ನೇಯ ಭಾಗ, ಟೈಗ್ರಿಸ್ ನದಿಯ ಮೇಲ್ಭಾಗ, ಸುಮಾರು 10,000 ವರ್ಷದ ಹಿಂದೆ. ಇರಾಕಿನ ದಕ್ಷಿಣದ ಸುಮೇರ್ ದೇಶದಲ್ಲಿ ಹಂದಿಗೆ ಎಷ್ಟು ಜವೆಗೋಧಿ ಹಾಕಿದ್ವಿ ಅಂತ ಮಣ್ಣಿನ ಹಲಗೆ ಮೇಲೆ ಲೆಕ್ಕ ಬರೆದಿಟ್ಟಿದಾರೆ. ಈಜಿಪ್ಟಿನಲ್ಲಿ ಅಮರ್ನಾ ಅನ್ನೋ ಕಡೆ, ಕ್ರಿ.ಪೂ. 14ನೇ ಶತಮಾನದ ಕೂಲಿಕಾರರ ಕೇರಿ ಅಗೆದಾಗ ಹಂದಿ ಗೂಡುಗಳ ಸಾಲೇ ಸಿಕ್ತು. ಮರಳುಗಾಡಿನ ಅಂಚಲ್ಲೂ ಸಾಕ್ತಿದ್ರು ಅಂತಾಯ್ತಲ್ಲ.

ಆಮೇಲೆ ಮೂಳೆ ಕಡಿಮೆ ಆಗ್ತಾ ಬರುತ್ತೆ. ಹಳೇ ಊರುಗಳ ತಿಪ್ಪೆ ಅಗೆದು ಯಾವ ಪ್ರಾಣಿ ಮೂಳೆ ಎಷ್ಟು ಅಂತ ಎಣಿಸೋ ಪಂಡಿತರಿದಾರೆ. ಅವರ ಲೆಕ್ಕದಲ್ಲಿ ಕ್ರಿ.ಪೂ. 2000ದ ಆಚೀಚೆಯಿಂದ ಆ ಸೀಮೆಯ ಬಹಳ ಕಡೆ ಹಂದಿ ಇಳೀತು, ಯೆಹೂದಿ ಕಾನೂನು ಬರೆಯೋಕೆ ಎಷ್ಟೋ ಮೊದಲೇ. ಯಾಕೆ? ನನಗೆ ಹಿಡಿಸಿದ ಒಂದು ವಿವರಣೆ ಇದೆ. ರಾಜರಿಗೂ ದೇವಸ್ಥಾನಗಳಿಗೂ ಬೇಕಾಗಿದ್ದು ಕುರಿ ಮತ್ತು ದನ. ಕುರಿ ಅಂದ್ರೆ ಉಣ್ಣೆ, ಉಣ್ಣೆ ಅಂದ್ರೆ ವ್ಯಾಪಾರ. ದನ ಅಂದ್ರೆ ನೇಗಿಲು. ಎರಡನ್ನೂ ಎಣಿಸಬಹುದು, ಮಂದೆ ಮಾಡಿ ದೂರ ಹೊಡ್ಕೊಂಡು ಹೋಗಬಹುದು, ಕಂದಾಯಕ್ಕೆ ಹಿಡ್ಕೊಳ್ಳಬಹುದು. ಹಂದಿಯನ್ನ ಹತ್ತು ಮೈಲಿ ನಡೆಸಿ ನೋಡಿ, ಗೊತ್ತಾಗುತ್ತೆ. ಹಂಗಾಗಿ ಅದು ಹಿತ್ತಲಲ್ಲಿ ಉಳೀತು. ಬಡವನ ಹಿತ್ತಲು, ಪಟ್ಟಣದ ಓಣಿ, ಕಸ ತಿಂದು ಬೆಳೆಯೋ ಪ್ರಾಣಿ. ಬಡವರ ಪ್ರಾಣಿ ಆದ್ಮೇಲೆ ದೊಡ್ಡೋರ ಪೂಜೆಗೆ ಬರಲ್ಲ. ಟರ್ಕಿ ಕಡೆ ಆಳಿದ ಹಿಟ್ಟೈಟರ ದೇವಸ್ಥಾನದ ನಿಯಮದಲ್ಲಿ, ನೈವೇದ್ಯ ಮಾಡೋ ಜಾಗಕ್ಕೆ ಹಂದಿ ನಾಯಿ ಸುಳೀಬಾರದು ಅಂತಿದೆ. ಗ್ರೀಕರ ಹೆರೊಡೋಟಸ್ ಕ್ರಿ.ಪೂ. 5ನೇ ಶತಮಾನದಲ್ಲಿ ಈಜಿಪ್ಟಿನ ಬಗ್ಗೆ ಬರೀತಾ, ಹಂದಿ ಕಾಯೋರಿಗೆ ದೇವಸ್ಥಾನದೊಳಗೆ ಪ್ರವೇಶ ಇಲ್ಲ, ಅವರಿಗೆ ಹೆಣ್ಣು ಕೊಡೋರಿಲ್ಲ, ತಂತಮ್ಮೊಳಗೇ ಮದುವೆ ಅಂತಾನೆ. ಓದಿದಾಗ ಇದು ಎಲ್ಲೋ ದೂರದ ದೇಶದ ಮಾತು ಅನ್ನಿಸಲೇ ಇಲ್ಲ. ನಮ್ಮ ಕಡೆ ಹಂದಿ ಸಾಕೋ ಜನರನ್ನ ಊರಾಚೆ ಇಟ್ಟಿದ್ದೂ ನಾವೇ ತಾನೆ.

ಅಷ್ಟರಲ್ಲಿ ಕೋಳಿ ಬಂತು. ಅದು ನಮ್ಮ ಪೂರ್ವದ ಕಡೆಯಿಂದ ಹೋದ ಹಕ್ಕಿ. ಅದೂ ಮನೆ ಮುಂದೆ ಚೆಲ್ಲಿದ್ದು ತಿಂದು ಬದುಕುತ್ತೆ, ಮೇಲೆ ಮೊಟ್ಟೆ ಕೊಡುತ್ತೆ, ಒಂದು ಕೊಯ್ದರೆ ಒಂದು ಮನೆಗೆ ಒಂದು ಹೊತ್ತಿಗೆ ಸರಿ, ಉಳಿದು ಕೆಡಲ್ಲ. ಬಡವರ ಹಿತ್ತಲಲ್ಲಿ ಹಂದಿಯ ಜಾಗವನ್ನ ಕೋಳಿ ಹಿಡೀತು ಅಂತ ರಿಚರ್ಡ್ ರೆಡಿಂಗ್ ಅನ್ನೋ ಪಂಡಿತರು 2015ರಲ್ಲಿ ಬರೆದಿದಾರೆ. ರೈತನಿಗೆ ಇದಕ್ಕಿಂತ ಸುಲಭವಾಗಿ ಅರ್ಥ ಆಗೋ ಕಾರಣ ಇಲ್ಲ.

ಇಲ್ಲೀತನಕ ಇದು ಬರೀ ಕಸುಬಿನ ಕಥೆ. ತಿನ್ನೋದು ಕಡಿಮೆ ಆಯ್ತು, ಅಷ್ಟೇ. "ತಿನ್ನಲ್ಲ" ಅನ್ನೋದು "ತಿನ್ನಬಾರದು" ಆಗಿದ್ದು ಹೆಂಗೆ?

ಕ್ರಿ.ಪೂ. 1200ರ ಹೊತ್ತಿಗೆ ಈಗಿನ ಇಸ್ರೇಲ್-ಪ್ಯಾಲೆಸ್ಟೈನ್ ಸೀಮೆಯ ಕಡಲತೀರಕ್ಕೆ ಗ್ರೀಸ್ ಕಡೆ ಸಮುದ್ರದಿಂದ ಬಂದ ಜನ ಇಳಿದರು, ಫಿಲಿಷ್ಟಿಯರು ಅಂತ. ಅವರ ಪಟ್ಟಣಗಳಾದ ಅಷ್ಕೆಲೋನ್, ಎಕ್ರೋನ್‌ಗಳಲ್ಲಿ ಕೆಲವು ಪದರಗಳಲ್ಲಿ ಸಿಕ್ಕ ಮೂಳೆಗಳಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಹಂದಿಯದ್ದು. ಅದೇ ಕಾಲದಲ್ಲಿ ಮೇಲೆ ಗುಡ್ಡದ ಮೇಲಿನ ಹಳ್ಳಿಗಳಲ್ಲಿ, ಮುಂದೆ ಇಸ್ರಾಯೇಲರು ಅನ್ನಿಸ್ಕೊಂಡವರ ಊರುಗಳಲ್ಲಿ, ಹಂದಿ ಮೂಳೆ ಇಲ್ಲವೇ ಇಲ್ಲ ಅನ್ನೋವಷ್ಟು ಕಡಿಮೆ. ಇವರಿಬ್ಬರ ನಡುವೆ ಜಗಳವೋ ಜಗಳ. ಕೆಳಗಿನವರು ತಿಂತಾರೆ, ನಾವು ತಿನ್ನಲ್ಲ. ಗುಡ್ಡದವರು ಮೊದಲಿಂದಲೂ ಕುರಿ ಆಡು ಕಾಯೋರು, ತಿನ್ನದೇ ಇದ್ದಿದ್ದು ಅಭ್ಯಾಸ. ಎದುರಾಳಿ ತಿನ್ನೋದನ್ನ ನೋಡಿದ ಮೇಲೆ ಅದು ಗುರುತಾಯ್ತು. ನಾನು ಹೇಳಿದಷ್ಟು ನೇರ ಇಲ್ಲ ಇದು, ಫಿಲಿಷ್ಟಿಯರ ಸಣ್ಣ ಹಳ್ಳಿಗಳಲ್ಲಿ ಹಂದಿ ಕಡಿಮೆಯೇ ಇತ್ತು, ಕ್ರಿ.ಪೂ. 8ನೇ ಶತಮಾನದಲ್ಲಿ ಇಸ್ರಾಯೇಲರ ಉತ್ತರದ ರಾಜ್ಯದ ಕೆಲವು ಪಟ್ಟಣಗಳಲ್ಲೂ ಹಂದಿ ತಿಂದ ಗುರುತಿದೆ. ಹಾಗಾಗಿ ಕಾನೂನು ಒಂದೇ ದಿನ ಬಂದು ಎಲ್ಲರೂ ಪಾಲಿಸಿದ್ದಲ್ಲ, ನಿಧಾನಕ್ಕೆ ಬಿಗಿಯಾದದ್ದು.

ಅದು ಕಲ್ಲಿನಂಗೆ ಗಟ್ಟಿ ಆಗಿದ್ದು ಇನ್ನೂ ಸಾವಿರ ವರ್ಷದ ಮೇಲೆ. ಕ್ರಿ.ಪೂ. 167. ಸಿರಿಯಾದಿಂದ ಆಳ್ತಿದ್ದ ಗ್ರೀಕ್ ರಾಜ ನಾಲ್ಕನೇ ಅಂತಿಯೋಕಸ್ ಯೆಹೂದಿಗಳ ಧರ್ಮವನ್ನೇ ನಿಲ್ಲಿಸೋಕೆ ಹೊರಟ. ಸುನ್ನತಿ ಮಾಡಬಾರದು, ಸಬ್ಬತ್ ದಿನ ಪಾಲಿಸಬಾರದು. ಬಲಿಪೀಠದ ಮೇಲೆ ಹಂದಿ ಬಲಿ ಕೊಡಿಸಿದ. ಜನರ ಬಾಯಿಗೆ ಹಂದಿ ಮಾಂಸ ತುರುಕಿಸಿದ. ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಎಲಿಯಾಜರ್ ಅನ್ನೋ ತೊಂಬತ್ತು ವರ್ಷದ ಮುದುಕರ ಕಥೆ ಇದೆ. ಅವರನ್ನ ಬಲವಂತ ಮಾಡ್ತಾರೆ. ಮಾಡೋರಲ್ಲಿ ಹಳೇ ಪರಿಚಯದವರೂ ಇದ್ದರು. ಅವರು ಪಕ್ಕಕ್ಕೆ ಕರೆದು, ನಿಮಗೆ ತಿನ್ನಬಹುದಾದ ಮಾಂಸವನ್ನೇ ನೀವೇ ಮಾಡ್ಕೊಂಡು ಬನ್ನಿ, ಹಂದಿ ತಿಂದಂಗೆ ನಟಿಸಿ, ಜೀವ ಉಳಿಸ್ಕೊಳ್ಳಿ ಅಂತಾರೆ. ಮುದುಕರು ಒಪ್ಪಲ್ಲ. ಈ ವಯಸ್ಸಲ್ಲಿ ನಾನು ಹೆದರಿ ಧರ್ಮ ಬಿಟ್ಟೆ ಅಂತ ಹುಡುಗರು ತಿಳ್ಕೊಂಡ್ರೆ ಅವರ ಗತಿ ಏನು ಅಂತಾರೆ. ಹೊಡೆದು ಸಾಯಿಸ್ತಾರೆ. ಮುಂದಿನ ಅಧ್ಯಾಯದಲ್ಲಿ ಒಬ್ಬ ತಾಯಿ, ಏಳು ಜನ ಗಂಡು ಮಕ್ಕಳು, ಅವರದ್ದೂ ಅದೇ ಗತಿ. ಅಲ್ಲಿಂದ ಎದ್ದ ದಂಗೆಯಲ್ಲಿ ಯೆಹೂದಿಗಳು ಜೆರುಸಲೇಮಿನ ದೇವಾಲಯ ವಾಪಸು ತಗೊಂಡ್ರು. ಇಷ್ಟಾದ ಮೇಲೆ ಹಂದಿ ಅನ್ನೋದು ಅವರಿಗೆ ಒಂಟೆ, ಮೊಲದ ಸಾಲಿನ ಪ್ರಾಣಿ ಆಗಿ ಉಳೀತಾ? ಪಟ್ಟಿಯಲ್ಲಿ ಬೇಡ ಅಂದಿದ್ದು ಎಷ್ಟೋ ಇವೆ. ಹಂದಿಗೆ ಮಾತ್ರ ರಕ್ತ ಅಂಟ್ಕೊಂಡ್ತು. ಆಮೇಲಿನ ಯೆಹೂದಿ ಗುರುಗಳು ಅದರ ಹೆಸರೂ ಎತ್ತದೆ "ಆ ಇನ್ನೊಂದು" ಅಂತಿದ್ರು. ನಾವು ರಾತ್ರಿ ಹೊತ್ತು ಹಾವಿಗೆ ಹುಳ ಅನ್ನಲ್ವಾ, ಹಂಗೆ.

ರೋಮಿನವರಿಗೆ ಹಂದಿ ಅಂದ್ರೆ ಪ್ರಾಣ. ಅವರಿಗೆ ಇದು ತಮಾಷೆ. ಕ್ರಿ.ಶ. 40ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಯೆಹೂದಿಗಳು ತಮ್ಮ ಮೇಲಾದ ಹಲ್ಲೆ ಬಗ್ಗೆ ದೂರು ಹೇಳೋಕೆ ಚಕ್ರವರ್ತಿ ಕ್ಯಾಲಿಗುಲಾ ಹತ್ರ ಹೋದರು. ಮನೆ ಸುಟ್ಟಿದೆ, ಜನ ಸತ್ತಿದಾರೆ. ಆತ ಬಂಗಲೆ ರಿಪೇರಿ ನೋಡ್ತಾ ಓಡಾಡ್ತಿದ್ದೋನು ತಿರುಗಿ ಕೇಳಿದ್ದು, ನೀವ್ಯಾಕೆ ಹಂದಿ ತಿನ್ನಲ್ಲ ಅಂತ. ಸುತ್ತ ಇದ್ದೋರು ಘೊಳ್ಳನೆ ನಕ್ಕರು. ಒಂದೊಂದು ಜನಕ್ಕೆ ಒಂದೊಂದು ಪದ್ಧತಿ ಅಂದರು ಇವರು. ಕೆಲವರು ಕುರಿಮರಿ ತಿನ್ನಲ್ಲ ಅಂತ ಇನ್ನೊಬ್ಬರು ಸೇರಿಸಿದರು. ಆತ ಅದಕ್ಕೂ ನಕ್ಕ. ಆ ನಿಯೋಗದ ಮುಖಂಡ ಫಿಲೊ ಇದನ್ನ ಬರೆದಿಟ್ಟಿದಾನೆ. ಇದನ್ನ ಓದಿದಾಗ ನನಗೆ ಡೈರಿ ಸಾಲು ನೆನಪಾಯ್ತು, ಸುಳ್ಳು ಯಾಕೆ ಹೇಳ್ಲಿ. ಮುಂದೆ ಕ್ರಿ.ಶ. 70ರಲ್ಲಿ ದೇವಾಲಯ ಸುಟ್ಟ ಮೇಲೆ ಜೆರುಸಲೇಮಿನಲ್ಲಿ ಕಾವಲಿಗೆ ಕೂತ ರೋಮನ್ ದಳದ ಲಾಂಛನಗಳಲ್ಲಿ ಕಾಡುಹಂದಿಯೂ ಒಂದು.

ಕ್ರೈಸ್ತರು ಯೆಹೂದಿಗಳಿಂದಲೇ ಹೊರಟವರು, ಆದ್ರೆ ಬೇರೆ ಜನರನ್ನೂ ಸೇರಿಸ್ಕೊಳ್ಳೋಕೆ ಶುರು ಮಾಡಿದಾಗ ಈ ನಿಯಮ ಬಿಟ್ಟರು. ಇಥಿಯೋಪಿಯಾದ ಹಳೇ ಕ್ರೈಸ್ತರು ಮಾತ್ರ ಇವತ್ತಿಗೂ ಹಂದಿ ತಿನ್ನಲ್ಲ. ಸ್ಪೇನಿನಲ್ಲಿ ಉಲ್ಟಾ ಆಯ್ತು. 1492ರಲ್ಲಿ ಮತ ಬದಲಿಸಿ ಇಲ್ಲಾ ದೇಶ ಬಿಡಿ ಅಂತ ಯೆಹೂದಿಗಳಿಗೆ ಆಜ್ಞೆ ಆಯ್ತು, ಹತ್ತು ವರ್ಷಕ್ಕೆ ಕ್ಯಾಸ್ಟೈಲ್ ಸೀಮೆಯ ಮುಸ್ಲಿಮರಿಗೂ ಅದೇ. ಬದಲಾದೋರು ನಿಜವಾಗಿ ಬದಲಾದ್ರಾ ಅಂತ ನೋಡೋಕೆ ಅಕ್ಕಪಕ್ಕದವರು ಅವರ ಅಡುಗೆ ಮನೆ ವಾಸನೆ ಹಿಡೀತಿದ್ರು. ಹಂದಿ ತಿನ್ನಲ್ಲ ಅನ್ನೋದೇ ಧಾರ್ಮಿಕ ವಿಚಾರಣೆಯಲ್ಲಿ ಸಾಕ್ಷಿ. ಮತ ಬದಲಿಸಿದೋರಿಗೆ ಇಟ್ಟ ಬೈಗುಳ "ಮರ್ರಾನೊ", ಅಂದ್ರೆ ಹಂದಿ.

ನಮ್ಮ ದೇಶಕ್ಕೂ ಇದು ಬಂತು. 1806ರಲ್ಲಿ ವೆಲ್ಲೂರು ಕೋಟೆ, ಟಿಪ್ಪು ಸತ್ತ ಮೇಲೆ ಅವರ ಮಕ್ಕಳನ್ನ ಇಟ್ಟಿದ್ದ ಜಾಗ. ಕಂಪನಿ ಸರ್ಕಾರ ಸಿಪಾಯಿಗಳಿಗೆ ಹೊಸ ಪೇಟ ಕೊಡ್ತು, ಅದರ ತೊಗಲಿನ ಕುಚ್ಚು ದನದ್ದೋ ಹಂದಿದೋ ಅಂತ ಸುದ್ದಿ ಹಬ್ಬಿತು, ಮೇಲೆ ನಾಮ ವಿಭೂತಿ ತೆಗೀರಿ, ಗಡ್ಡ ಕತ್ತರಿಸಿ ಅಂತ ಆಜ್ಞೆ. ಜುಲೈ 10ರಂದು ದಂಗೆ ಎದ್ದಿತು. 1857ರಲ್ಲಿ ಮೀರತ್‌ನಲ್ಲಿ ತೋಟಾ ಮುಟ್ಟಲ್ಲ ಅಂದ 85 ಜನ ಸವಾರರಿಗೆ ಬೇಡಿ ಹಾಕಿದ್ದು ನಿಮಗೆ ಗೊತ್ತೇ ಇದೆ. ಅಲ್ಲೂ ಹಸುವಿನ ಕೊಬ್ಬು, ಹಂದಿ ಕೊಬ್ಬು. ಹಿಂದೂಗಳೂ ಮುಸ್ಲಿಮರೂ ಒಂದೇ ತೋಟಾ ಬೇಡ ಅಂದರು, ಕಾರಣ ಬೇರೆ ಬೇರೆ.

ಹಂಗಾಗಿ ಡೈರಿ ಸಾಲಿನವರಿಗೆ ನನ್ನ ಉತ್ತರ ಇದು. ನೀರು, ಮೇವು, ಉಣ್ಣೆ, ಕೋಳಿ ಇವೆಲ್ಲಾ ಸೇರಿ ಹಂದಿಯನ್ನ ಹಿತ್ತಲಿಂದ ಆಚೆ ತಳ್ಳಿದವು. ಪಕ್ಕದವರ ಜಗಳ ಅದನ್ನ ಗುರುತು ಮಾಡ್ತು. ಬಲವಂತ ಮತ್ತೆ ಗೇಲಿ ಅದನ್ನ ಪ್ರಾಣಕ್ಕಿಂತ ಹೆಚ್ಚು ಮಾಡ್ತು. ಹುಳ ಆಮೇಲೆ ಹುಡುಕಿದ ಕಾರಣ.

ಇನ್ನೊಂದು ವಿಷಯ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನನ್ನ ಹಂದಿ ಶೆಡ್ಡು ಇದ್ದಿದ್ದು ಮೇಲಿನ ತಾಕಲ್ಲಿ, ಸಾಬರ ಹೊಲ ಕೆಳಗೆ. ತೊಳೆದ ನೀರೆಲ್ಲಾ ಇಳಿಜಾರಿಗೆ ಹರಿದು ಅವರ ಬದುವಿಗೆ ಹೋಗ್ತಿತ್ತು. ನಾನು ನೋಡಿಯೂ ಆರು ತಿಂಗಳು ಸುಮ್ಮನಿದ್ದೆ. ಒಂದು ದಿನ ಬೆಳಿಗ್ಗೆ ಅವರೇ ಗುದ್ದಲಿ ಹಿಡ್ಕೊಂಡು ಬಂದರು. ಜಗಳಕ್ಕೇ ಬಂದರು ಅಂದ್ಕೊಂಡೆ. "ಇಲ್ಲೊಂದು ಕಾಲುವೆ ತೆಗೆದ್ರೆ ನೀರು ನಿಮ್ಮ ಬಾಳೆಗೇ ಹೋಗುತ್ತೆ, ಗೊಬ್ಬರವೂ ಆಯ್ತು" ಅಂದರು. ಹಂದಿ ಅನ್ನೋ ಹೆಸರು ಎತ್ತಲಿಲ್ಲ. ಇಬ್ಬರೂ ಸೇರಿ ಅರ್ಧ ದಿನದಲ್ಲಿ ತೆಗೆದ್ವಿ, ಕೊಳಚೆ ಇದ್ದ ಕಡೆ ನಾನು, ಒಣ ಕಡೆ ಅವರು. ಊರಲ್ಲಿ ಈ ಮಾತನ್ನ ಅವರು ಯಾರಿಗೂ ಹೇಳಿಲ್ಲ. ಡೈರೀಲಿ ಆ ಹುಡುಗ ಕೇಳಿದಾಗ ನಕ್ಕ ನಾಲ್ಕು ಜನರಲ್ಲಿ ನಾನೂ ಒಬ್ಬ.

ಹಂದಿ ಹೋಗಿ ಎಷ್ಟೋ ವರ್ಷ ಆಯ್ತು. ಶೆಡ್ಡಲ್ಲಿ ಈಗ ಸೌದೆ ಇದೆ. ಕಾಲುವೆ ಹಂಗೇ ಇದೆ, ಮಳೆ ನೀರು ಅದರಲ್ಲೇ ಬಾಳೆಗೆ ಹೋಗುತ್ತೆ. ನಾಳೆ ಬೆಳಿಗ್ಗೆ ಡೈರೀಲಿ ಸಾಬರು ಸಿಗ್ತಾರೆ, ಮಾತಾಡ್ಬೇಕು.